ಲೈನ್ ಮನೆಯವರು ಆಸ್ಪತ್ರೆಗೆ ಸೇರುವುದು ಕಡಿಮೆ ಅಂತೆ, ನಿಜಾನಾ?

ಕಿತ್ತಳೆ ಸಿಪ್ಪೆ (ಸಿದ್ದಾಪುರ ಕಡೆ)
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೈಬೇಡಿ.

ಹೋದ ವಾರ ಒಂದು ಮದುವೆ ಮನೆಯಲ್ಲಿ ಊಟ ಮುಗಿಸಿ ಕೂತಿದ್ದೆವು. ಮಾತು ಆಸ್ಪತ್ರೆ ಬಿಲ್ಲಿನ ಕಡೆ ತಿರುಗಿತು. ನಮ್ಮ ಅತ್ತೆಯನ್ನು ಮಾರ್ಚ್‌ನಲ್ಲಿ ಮೈಸೂರಿಗೆ ಕರೆದುಕೊಂಡು ಹೋಗಿ ಒಂಬತ್ತು ದಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಇಟ್ಟಿದ್ದೆವು, ಆ ಕಥೆ ಎಲ್ಲರಿಗೂ ಗೊತ್ತು, ಎಲ್ಲರೂ ತಂತಮ್ಮ ಬಿಲ್ಲು ಹೇಳತೊಡಗಿದರು. ಆಗ ನಮ್ಮ ಮಾವ ಒಬ್ಬರು ಹೇಳಿದರು: "ನೀವೆಲ್ಲ ಮನೆಯೊಳಗೆ ಕೂತು ಮೈ ಕೆಡಿಸಿಕೊಂಡವರು. ನಮ್ಮ ಲೈನ್ ಮನೆಯವರನ್ನು ನೋಡಿ. ಜೂನ್‌ನಿಂದ ಸೆಪ್ಟೆಂಬರ್ ತನಕ ನೆನೆದುಕೊಂಡೇ ಕೆಲಸ ಮಾಡ್ತಾರೆ, ಒಬ್ಬರೂ ಅಡ್ಮಿಟ್ ಆಗಲ್ಲ. ಗಟ್ಟಿ ಮೈ." (ಲೈನ್ ಮನೆ ಅಂದರೆ ನಮ್ಮ ಕೊಡಗಿನ ಕಾಫಿ ತೋಟಗಳಲ್ಲಿ ಕೂಲಿಯವರು ಇರುವ ಸಾಲು ಮನೆ.)

ನನಗೆ ಸಿಟ್ಟು ಬಂತು, ಆದರೆ ಉತ್ತರ ಬರಲಿಲ್ಲ. ಮನೆಗೆ ಬಂದು ಕೇಂದ್ರ ಸರ್ಕಾರದ ಸಮೀಕ್ಷೆ ಹುಡುಕಿದೆ. ಎನ್‌ಎಸ್‌ಎಸ್ (ರಾಷ್ಟ್ರೀಯ ಮಾದರಿ ಸಮೀಕ್ಷೆ) 75ನೇ ಸುತ್ತು, ಜುಲೈ 2017ರಿಂದ ಜೂನ್ 2018. ಹೆರಿಗೆ ಬಿಟ್ಟು ಲೆಕ್ಕ ಹಾಕಿದರೆ ವರ್ಷದಲ್ಲಿ ಆಸ್ಪತ್ರೆ ಸೇರಿದವರು ಹಳ್ಳಿಯಲ್ಲಿ ನೂರಕ್ಕೆ 2.6, ಪಟ್ಟಣದಲ್ಲಿ 3.4, ಒಟ್ಟು 2.9. ಅಷ್ಟೇ ಅಲ್ಲ, ಮನೆ ಖರ್ಚಿನ ಪ್ರಕಾರ ಐದು ಮೆಟ್ಟಿಲು ಮಾಡಿ ನೋಡಿದರೆ, ಮೇಲಿನ ಮೆಟ್ಟಿಲಿನವರೇ ಕೆಳಗಿನವರಿಗಿಂತ ಹೆಚ್ಚು ಸೇರುತ್ತಾರೆ. ಅಂದರೆ ಬಡವರು ಕಡಿಮೆ! ಮಾವ ಹೇಳಿದ್ದೇ ಸರ್ಕಾರವೂ ಹೇಳುತ್ತಿದೆಯಲ್ಲ ಅಂತ ತಲೆ ಕೆಟ್ಟಿತು.

ನಮ್ಮ ಪಂಚಾಯಿತಿಯ ಆರೋಗ್ಯ ಸಮಿತಿಯಲ್ಲಿ ನಾನೂ ಇದ್ದೇನೆ. ಮುಂದಿನ ಸಭೆಯಲ್ಲಿ ಇದನ್ನು ಎತ್ತಬೇಕು ಅಂತಿದೆ. ಯಾರಿಗಾದರೂ ಈ ಲೆಕ್ಕ ಓದುವುದು ಗೊತ್ತಿದ್ದರೆ ಹೇಳಿ.

ರೋಬಸ್ಟಾ ರಾಜ
ಮೈ ಗಟ್ಟಿ ಅಲ್ಲಕ್ಕ. ಮಲಗಿದ ದಿನ ಕೂಲಿ ಇಲ್ಲ. ಮುಗೀತು.

ಲೆಕ್ಕದ ಮೇಷ್ಟ್ರು (ಸೋಮವಾರಪೇಟೆ, ನಿವೃತ್ತ)
ಮೇಲಿನ ಒಂದು ಸಾಲಿನ ಉತ್ತರ ಸರಿ ಇದೆ, ಆದರೆ ಅದನ್ನು ಸಭೆಯಲ್ಲಿ ಹೇಳಿದರೆ ಯಾರೂ ಒಪ್ಪುವುದಿಲ್ಲ. ನಾನು ಹಿಂದೆ ಇಂಥ ಸಮೀಕ್ಷೆಗೆ ಮನೆ ಮನೆ ಸುತ್ತಿದವನು. ಸ್ವಲ್ಪ ತಾಳ್ಮೆಯಿಂದ ಓದಿ.

ಮೊದಲು ತಿಳಿಯಬೇಕಾದ್ದು ಏನೆಂದರೆ ಈ ಅಂಕಿ ಆಸ್ಪತ್ರೆಯಿಂದ ಬಂದದ್ದಲ್ಲ, ಮನೆಯಿಂದ ಬಂದದ್ದು. ಸಮೀಕ್ಷೆಯವನು ಮನೆ ಬಾಗಿಲಿಗೆ ಬಂದು "ಕಳೆದ 365 ದಿನದಲ್ಲಿ ಈ ಮನೆಯವರು ಯಾರಾದರೂ ಒಳರೋಗಿಯಾಗಿ ಸೇರಿದ್ದರಾ?" ಎಂದು ಕೇಳುತ್ತಾನೆ. ಸೇರಿದ್ದರೆ ಎಷ್ಟು ದಿನ, ಯಾವ ರೋಗ, ಸರ್ಕಾರಿಯಾ ಖಾಸಗಿಯಾ, ಖರ್ಚು ಎಷ್ಟು, ದುಡ್ಡು ಎಲ್ಲಿಂದ ತಂದಿರಿ. ಸಣ್ಣಪುಟ್ಟ ಕಾಯಿಲೆಗೆ ಮಾತ್ರ ಕಳೆದ 15 ದಿನದ ಲೆಕ್ಕ ಕೇಳುತ್ತಾರೆ, ಏಕೆಂದರೆ ನೆಗಡಿಯನ್ನು ಯಾರೂ ವರ್ಷವಿಡೀ ನೆನಪಿಟ್ಟುಕೊಳ್ಳುವುದಿಲ್ಲ. ಆ ಸುತ್ತಿನಲ್ಲಿ ದೇಶದಾದ್ಯಂತ 1,13,823 ಮನೆ, 5,55,115 ಜನರ ವಿವರ ತೆಗೆದುಕೊಂಡರು. ಮನೆಯಲ್ಲೇ ಕೇಳುವುದರಿಂದ ಜಾತಿ ವರ್ಗ, ಧರ್ಮ, ಓದು, ಕೆಲಸ, ತಿಂಗಳ ಖರ್ಚು ಎಲ್ಲವೂ ಆ ಹಾಳೆಯಲ್ಲೇ ಇರುತ್ತದೆ. ರೋಗಿಯ ಹಿನ್ನೆಲೆ ಗೊತ್ತಾಗುವುದು ಹೀಗೆ. ಆಸ್ಪತ್ರೆಗಳು ಪ್ರತಿ ತಿಂಗಳು ಎಚ್‌ಎಂಐಎಸ್ ಎಂಬ ಸರ್ಕಾರದ ಆನ್‌ಲೈನ್ ದಾಖಲೆಯಲ್ಲಿ ಏರಿಸುವ ಲೆಕ್ಕದಲ್ಲಿ ಎಷ್ಟು ಒಳರೋಗಿ ಅಂತ ಇರುತ್ತದೆಯೇ ಹೊರತು ಆ ರೋಗಿ ತೋಟದ ಮಾಲೀಕನೋ ತೋಟದ ಆಳೋ ಎಂಬುದು ಇರುವುದಿಲ್ಲ.

ಇನ್ನು ನಿಮ್ಮ ಮಾವನ ವಿಷಯ. ಈ 2.9 ಎಂಬುದು ಕಾಯಿಲೆ ಬಿದ್ದವರ ಪ್ರಮಾಣ ಅಲ್ಲ. ಹಾಸಿಗೆ ಸಿಕ್ಕವರ ಪ್ರಮಾಣ. ಕಾಯಿಲೆಗೂ ಹಾಸಿಗೆಗೂ ನಡುವೆ ರಸ್ತೆ ಇದೆ, ಬಸ್ಸಿದೆ, ಕೂಲಿ ಇದೆ, ಮಗುವನ್ನು ಯಾರ ಹತ್ತಿರ ಬಿಡುವುದು ಎಂಬುದಿದೆ. ಅದೆಲ್ಲ ದಾಟಿದವನು ಮಾತ್ರ ನಮ್ಮ ಹಾಳೆಗೆ ಬರುತ್ತಾನೆ. ಡಾಕ್ಟರು ಅಡ್ಮಿಟ್ ಆಗು ಎಂದರೂ ಮನೆಗೆ ವಾಪಸ್ ಬಂದವನಿಗೆ ಒಳರೋಗಿಗಳ ಪಟ್ಟಿಯಲ್ಲಿ ಜಾಗ ಇಲ್ಲ.

ಕುಟ್ಟ ಗೇಟು
ಮೇಷ್ಟ್ರು ಹೇಳಿದ್ದಕ್ಕೆ ನಮ್ಮ ಗಡಿಯೇ ಸಾಕ್ಷಿ. ಕುಟ್ಟದಿಂದ ನಮಗೆ ಮಡಿಕೇರಿಗಿಂತ ಕೇರಳದ ಮಾನಂದವಾಡಿ ಹತ್ತಿರ. ಎನ್‌ಎಸ್‌ಎಸ್‌ನ ಯಾವ ಸುತ್ತು ತೆಗೆದರೂ ಆಸ್ಪತ್ರೆ ಸೇರುವವರ ಪ್ರಮಾಣದಲ್ಲಿ ಕೇರಳ ಮೇಲಿನ ಸಾಲಿನಲ್ಲೇ ಇರುತ್ತದೆ. ಹಾಗಂತ ಕೇರಳದವರು ದೇಶದಲ್ಲೇ ಜಾಸ್ತಿ ರೋಗಿಷ್ಟರಾ? ಆಯಸ್ಸು ನೋಡಿದರೆ ಅವರದ್ದೇ ಜಾಸ್ತಿ. ವಯಸ್ಸಾದವರು ಜಾಸ್ತಿ, ಆಸ್ಪತ್ರೆ ಹತ್ತಿರ, ಎದೆ ಹಿಡಿದುಕೊಂಡರೆ ಗ್ಯಾಸು ಅಂತ ಕೂರದೆ ಹೊರಡುತ್ತಾರೆ.

ಅಮರ್ತ್ಯ ಸೇನ್ 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇದನ್ನೇ ಬರೆದಿದ್ದರು. ನನಗೆ ಕಾಯಿಲೆ ಇದೆ ಅಂತ ಹೇಳಿಕೊಳ್ಳುವವರು ಕೇರಳದಲ್ಲಿ ಜಾಸ್ತಿ, ಬಿಹಾರದಲ್ಲಿ ಕಡಿಮೆ, ಆದರೆ ಹೆಚ್ಚು ಕಾಲ ಬದುಕುವವರು ಕೇರಳದವರು. ಬರೀ ಜನರ ಬಾಯಿಮಾತಿನ ಲೆಕ್ಕ ನಂಬಿದರೆ ಬಿಹಾರವೇ ಆರೋಗ್ಯವಂತ ರಾಜ್ಯ ಅಂತ ಆಗಿಬಿಡುತ್ತದೆ.

ಮಾವನಿಗೆ ಇದನ್ನು ಹೇಳಿ. ಕೇರಳದ ವಿಷಯ ಅಂದರೆ ಕೊಡಗಿನಲ್ಲಿ ಎಲ್ಲರೂ ಕಿವಿ ಕೊಡುತ್ತಾರೆ 😀

ಏಲಕ್ಕಿ ಬೆಟ್ಟ
ನಾನು ಬೇರೆ ಕಡೆಯಿಂದ ಮಾತಾಡುತ್ತೇನೆ, ಯಾರೂ ಬೇಜಾರು ಮಾಡಬೇಡಿ. ಎಲ್ಲದಕ್ಕೂ ಲೈನ್ ಮನೆ, ಬುಡಕಟ್ಟಿನವರ ಹಾಡಿ ಅಂತ ಶುರು ಮಾಡುತ್ತೀರಿ. ಮೂರು ಎಕರೆ ತೋಟ ಇರುವ ನಮ್ಮಂಥವರ ಪಾಡು ಯಾರೂ ಕೇಳಲ್ಲ. ನಮಗೆ ಬಿಪಿಎಲ್ ಕಾರ್ಡು ಇಲ್ಲ. ತೋಟ ಇದೆ ಅಂತ ಎಲ್ಲರ ಕಣ್ಣೂ ನಮ್ಮ ಮೇಲೆ. ಅಪ್ಪನಿಗೆ ಬೈಪಾಸ್ ಆದಾಗ ಕಾಫಿ ಇನ್ನೂ ಗಿಡದಲ್ಲಿ ಹಸಿರಾಗಿತ್ತು, ವ್ಯಾಪಾರಿ ಹತ್ತಿರ ಅಡ್ವಾನ್ಸ್ ತಂದೆ, ಅವನು ಹೇಳಿದ ರೇಟಿಗೆ ಕೊಟ್ಟೆ. ಆ ವರ್ಷವೇ ರೇಟು ಏರಿತು ಅನ್ನುವುದು ಬೇರೆ ಕಥೆ, ಅದನ್ನು ನೆನೆದರೆ ಈಗಲೂ ನಿದ್ದೆ ಬರಲ್ಲ. ನಿಮ್ಮ ಸಮೀಕ್ಷೆಯ ಐದು ಮೆಟ್ಟಿಲಿನಲ್ಲಿ ನಾನು ಎಷ್ಟನೇ ಮೆಟ್ಟಿಲು ಮೇಷ್ಟ್ರೇ?

ಲೆಕ್ಕದ ಮೇಷ್ಟ್ರು
ಒಳ್ಳೆಯ ಪ್ರಶ್ನೆ, ಮತ್ತು ನ್ಯಾಯವಾದ ಪ್ರಶ್ನೆ. ಆ ಮೆಟ್ಟಿಲು ಆಸ್ತಿಯ ಮೇಲೆ ಅಲ್ಲ, ಆದಾಯದ ಮೇಲೂ ಅಲ್ಲ. ಮನೆಯ ತಿಂಗಳ ಖರ್ಚನ್ನು ತಲೆಗೆ ಹಂಚಿ ಮಾಡುವುದು. ಅದನ್ನೂ ಆರೋಗ್ಯದ ಸುತ್ತಿನಲ್ಲಿ ಬೆರಳೆಣಿಕೆಯ ಪ್ರಶ್ನೆಯಲ್ಲಿ ಮುಗಿಸುತ್ತಾರೆ. ತಲೆಮಾರಿನಿಂದ ಬಂದ ಜಮ್ಮಾ ಭೂಮಿ ಇದ್ದು ಕೈಯಲ್ಲಿ ಕಾಸಿಲ್ಲದ ಮನೆ, ಭೂಮಿಯೇ ಇಲ್ಲದೆ ವಾರದ ಬಟವಾಡೆಯಲ್ಲಿ ಬದುಕುವ ಮನೆ, ಎರಡೂ ಒಂದೇ ಮೆಟ್ಟಿಲಿನಲ್ಲಿ ಬಂದು ಕೂರಬಹುದು. ಆದರೆ ಕಷ್ಟ ಬಂದಾಗ ನಿಮಗೆ ವ್ಯಾಪಾರಿ ಅಡ್ವಾನ್ಸ್ ಕೊಟ್ಟ, ಅಲ್ವಾ? ಗಿಡದಲ್ಲಿರುವ ಕಾಯಿ ನೋಡಿ ಕೊಟ್ಟ. ಲೈನ್ ಮನೆಯವನಿಗೆ ಅಷ್ಟು ದೊಡ್ಡ ಮೊತ್ತ ಯಾವುದನ್ನು ನೋಡಿ ಕೊಡುತ್ತಾರೆ? ಸಾಹುಕಾರರು ಕೊಟ್ಟರೆ ಅದು ಮುಂದಿನ ಕುಯ್ಲಿನ ತನಕ ಅವನ ಕಾಲಿಗೆ ಕಟ್ಟಿದ ಹಗ್ಗ.

ದುಡ್ಡಿನ ಮೂಲದ ಲೆಕ್ಕವೂ ಅದೇ ವರದಿಯಲ್ಲಿದೆ. ಹಳ್ಳಿಗಳಲ್ಲಿ ಆಸ್ಪತ್ರೆ ಖರ್ಚಿಗೆ ಮುಖ್ಯ ಮೂಲ ಸಂಪಾದನೆ ಅಥವಾ ಉಳಿತಾಯ ಎಂದದ್ದು ನೂರಕ್ಕೆ 80ರ ಹತ್ತಿರ, ಸಾಲ ಎಂದದ್ದು 13. ಪಟ್ಟಣದಲ್ಲಿ 84 ಮತ್ತು 9.

ಸರಾಸರಿ ಖರ್ಚನ್ನೂ ನೋಡಿಬಿಡಿ. ಹೆರಿಗೆ ಬಿಟ್ಟು, ಒಂದು ಸಲ ಆಸ್ಪತ್ರೆ ಸೇರಿದರೆ ಸರ್ಕಾರಿ ಆಸ್ಪತ್ರೆಯಲ್ಲಿ 4,452 ರೂಪಾಯಿ, ಖಾಸಗಿಯಲ್ಲಿ 31,845. ಏಳು ಪಟ್ಟು. ಎಲ್ಲ ಸೇರಿಸಿ 20,135. ನಿಮ್ಮ ಬೈಪಾಸೂ, ಮೂರು ದಿನದ ಜ್ವರವೂ ಸೇರಿ ಬರುವ ಸರಾಸರಿ ಇದು, ಆದ್ದರಿಂದ "ನಮಗೆ ಇದಕ್ಕಿಂತ ಹತ್ತು ಪಟ್ಟು ಆಯ್ತು" ಅಂತ ವರದಿಯನ್ನು ಬೈಯಬೇಡಿ.

ರೋಬಸ್ಟಾ ರಾಜ
4,452ರಲ್ಲಿ ಮೈಸೂರಿಗೆ ಬಾಡಿಗೆ ಕಾರು ಸೇರಿದೆಯಾ? ಮಡಿಕೇರಿಯಿಂದಲೇ 120 ಕಿಲೋಮೀಟರ್. ಜೊತೆಗೆ ಹೋದವರ ಊಟ, ಲಾಡ್ಜು?

ಲೆಕ್ಕದ ಮೇಷ್ಟ್ರು
ಇಲ್ಲ! ಅದನ್ನೇ ಬರೆಯಬೇಕು ಅಂತಿದ್ದೆ. ಡಾಕ್ಟರ್ ಫೀಸು, ಔಷಧಿ, ಪರೀಕ್ಷೆ, ಹಾಸಿಗೆ ಬಾಡಿಗೆ, ಪ್ಯಾಕೇಜು ಇವು ವೈದ್ಯಕೀಯ ಖರ್ಚು. ಓಡಾಟ, ಜೊತೆಯವರ ಊಟ, ಉಳಿದುಕೊಳ್ಳುವುದು ಬೇರೆ ಕಾಲಂ. ಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿ ಬರುವುದು ಮೊದಲನೆಯದು ಮಾತ್ರ. ಬೆಂಗಳೂರಿನವನಿಗೆ ಎರಡನೇ ಕಾಲಂ ಚಿಲ್ಲರೆ. ನಮಗೆ, ಅದರಲ್ಲೂ ಬಿರುನಾಣಿ, ಗಾಳಿಬೀಡು, ಕುಟ್ಟದವರಿಗೆ ಕೆಲವು ಸಲ ಅದೇ ದೊಡ್ಡದು.

ರಾತ್ರಿ ಪಾಳಿ (ನರ್ಸ್)
ಮೇಷ್ಟ್ರೇ, ಇನ್ನೊಂದು ಸೇರಿಸಲಾ? ನಮ್ಮಲ್ಲಿಂದ ಮೈಸೂರಿಗೋ ಮಂಗಳೂರಿಗೋ ರೆಫರ್ ಮಾಡಿದ ಮೇಲೆ ಆ ರೋಗಿ ನಮ್ಮ ಜಿಲ್ಲೆಯ ಆಸ್ಪತ್ರೆ ಲೆಕ್ಕದಿಂದ ಮಾಯ. ಅಲ್ಲಿ ಸೇರಿದರೆ ಅವರ ಲೆಕ್ಕಕ್ಕೆ ಹೋಗುತ್ತಾನೆ. ಮಡಿಕೇರಿಯಲ್ಲಿ ಮೆಡಿಕಲ್ ಕಾಲೇಜು 2016ರಲ್ಲಿ ಶುರುವಾದ ಮೇಲೂ ಹೃದಯ, ನರ ಅಂದರೆ ಗಾಡಿ ಕೆಳಗಿಳಿಯುವುದು ತಪ್ಪಿಲ್ಲ. ಹಾಗಾಗಿ ಆಸ್ಪತ್ರೆಗಳ ತಿಂಗಳ ಲೆಕ್ಕ ನೋಡಿ ಕೊಡಗಿನಲ್ಲಿ ಇಷ್ಟೇ ರೋಗಿಗಳು ಅಂದುಕೊಂಡರೆ ಮೋಸ ಹೋಗುತ್ತೀರಿ. ಮನೆ ಸಮೀಕ್ಷೆಯಲ್ಲಿ ಮಾತ್ರ ಅವನು ಎಲ್ಲಿ ಸೇರಿದರೂ ಕೊಡಗಿನವನೇ.

ಇನ್ನು ನಮ್ಮ ಕೇಸ್ ಶೀಟ್‌ನಲ್ಲಿ ಉದ್ಯೋಗ ಅಂತ ಒಂದು ಜಾಗ ಇದೆ. ರಾತ್ರಿ ಎರಡು ಗಂಟೆಗೆ ಉಸಿರು ಕಟ್ಟಿಕೊಂಡು ಬಂದವರ ಹತ್ತಿರ ಉದ್ಯೋಗ ಏನು ಅಂತ ಕೇಳುವಷ್ಟು ಕಲ್ಲು ಮನಸ್ಸು ನನಗಿಲ್ಲ. ಸುಮ್ನೆ "ಕೂಲಿ" ಅಂತ ಬರೆದುಬಿಡುತ್ತೇವೆ. ತೋಟದ ಕೂಲಿಯೂ ಕೂಲಿ, ಗಾರೆ ಕೂಲಿಯೂ ಕೂಲಿ, ಒಂದು ಸಲ ತೋಟದ ಕೆಲಸ ನೋಡಿಕೊಳ್ಳುವ ರೈಟರ್ ಒಬ್ಬರನ್ನೂ ಕೂಲಿ ಅಂತ ಬರೆದು ಅವರಿಂದ ಬೈಸಿಕೊಂಡಿದ್ದೇನೆ. ಹೆಂಗಸರಾದರೆ "ಗೃಹಿಣಿ". ಬೆಳಿಗ್ಗೆಯಿಂದ ಸಂಜೆ ತನಕ ಕಾಫಿ ಕುಯ್ಯುವವಳೂ ಗೃಹಿಣಿ.

ಹಾಡಿ ಮಾತು (ತಿತಿಮತಿ ಕಡೆ)
ನಾನು ಇಲ್ಲಿ ಜಾಸ್ತಿ ಬರೆಯಲ್ಲ, ಓದುತ್ತಿರುತ್ತೇನೆ. ಇವತ್ತು ಬರೆಯಬೇಕು ಅನಿಸಿತು.

ನಾನು ಯರವ ಬುಡಕಟ್ಟಿನ ಹುಡುಗ. ನಮ್ಮ ಅಜ್ಜಿಗೆ ಹೋದ ವರ್ಷ ಮಳೆಗಾಲದಲ್ಲಿ ಕೆಮ್ಮು, ಜ್ವರ. ಆಶಾ ಅಕ್ಕ ಬಂದು ನೋಡಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಅಂದರು. ಹೋದೆವು. ಯಾವ ಆಸ್ಪತ್ರೆ ಅಂತ ಹೇಳಲ್ಲ. ಅಡ್ಮಿಟ್ ಮಾಡಿಕೊಂಡರು, ಹಾಸಿಗೆ ಕೊಟ್ಟರು, ಔಷಧಿಗೆ ದುಡ್ಡು ಕೇಳಲಿಲ್ಲ. ಅಜ್ಜಿ ಒಂದು ರಾತ್ರಿ ಇದ್ದರು, ಎರಡನೇ ದಿನ ಹೊರಟುಬಿಟ್ಟರು. ಯಾಕೆ ಗೊತ್ತಾ? ನೀರು ಎಲ್ಲಿ ಸಿಗುತ್ತೆ ಅಂತ ಯಾರನ್ನೋ ಕೇಳಿದರಂತೆ, ನಮ್ಮ ಭಾಷೆಯಲ್ಲಿ. ಅವರು ನಕ್ಕರಂತೆ. ಬೈದಿಲ್ಲ, ಹೊಡೆದಿಲ್ಲ, ನಕ್ಕರು ಅಷ್ಟೇ. ಅಜ್ಜಿ ಆಮೇಲೆ ಯಾರ ಹತ್ತಿರವೂ ಏನೂ ಕೇಳಲಿಲ್ಲ. ಮಾರನೇ ದಿನ ನಾನು ಊಟ ತರಲು ಹೋಗಿ ಬರುವಷ್ಟರಲ್ಲಿ ಸೀರೆ ಸೆರಗು ಕಟ್ಟಿಕೊಂಡು ಗೇಟಿನ ಹತ್ತಿರ ನಿಂತಿದ್ದರು.

ಅಕ್ಕ, ನಿಮ್ಮ ಮಾವ ನೋಡಿದ್ದರೆ "ಗಟ್ಟಿ ಮುದುಕಿ, ಎರಡೇ ದಿನದಲ್ಲಿ ಎದ್ದು ಬಂದಳು" ಅನ್ನುತ್ತಿದ್ದರೋ ಏನೋ.

ಇನ್ನೊಂದು. ಸಮೀಕ್ಷೆಯಲ್ಲಿ ಪರಿಶಿಷ್ಟ ಪಂಗಡ ಅಂತ ಒಂದೇ ಡಬ್ಬ. ಯರವರು, ಜೇನು ಕುರುಬರು, ಬೆಟ್ಟ ಕುರುಬರು ಎಲ್ಲ ಅದರೊಳಗೆ. ಮೈಸೂರು, ರಾಯಚೂರು ಕಡೆ ಓದಿ ಕೆಲಸದಲ್ಲಿರುವ ನಾಯಕ ಸಮುದಾಯದವರೂ ಅದೇ ಡಬ್ಬ. ಜೇನು ಕುರುಬರನ್ನು ಸರ್ಕಾರವೇ ವಿಶೇಷವಾಗಿ ದುರ್ಬಲ ಬುಡಕಟ್ಟು ಅಂತ ಬೇರೆ ಪಟ್ಟಿ ಮಾಡಿದೆ, ಕರ್ನಾಟಕದಲ್ಲಿ ಅವರು ಮತ್ತು ಕೊರಗರು ಮಾತ್ರ. ಆ ಪಟ್ಟಿ ಯೋಜನೆಗೆ ಉಂಟು, ಸಮೀಕ್ಷೆಯ ಹಾಳೆಯಲ್ಲಿ ಇಲ್ಲ.

ಕಿತ್ತಳೆ ಸಿಪ್ಪೆ
ತಮ್ಮಾ, ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ. ಅಜ್ಜಿ ಈಗ ಹೇಗಿದ್ದಾರೆ?

ಹಾಡಿ ಮಾತು
ಇದ್ದಾರೆ ಅಕ್ಕ. ಕೆಮ್ಮು ಇದೆ. ಆಶಾ ಅಕ್ಕ ಮಾತ್ರೆ ತಂದು ಕೊಡುತ್ತಾರೆ.

ದೂರದ ಮಳೆ (ಮೂಲ ನಾಪೋಕ್ಲು, ಈಗ ಕೋಪನ್‌ಹೇಗನ್)
ಇಲ್ಲಿ ಡೆನ್ಮಾರ್ಕ್‌ನಲ್ಲಿ ಇದೇ ಲೆಕ್ಕವನ್ನು ಹೇಗೆ ಮಾಡುತ್ತಾರೆ ಅಂತ ಹೇಳುತ್ತೇನೆ. ಮನೆ ಮನೆಗೆ ಹೋಗಬೇಕಾಗಿಯೇ ಇಲ್ಲ. 1968ರಿಂದ ಪ್ರತಿಯೊಬ್ಬರಿಗೂ ಒಂದು ಗುರುತಿನ ಸಂಖ್ಯೆ ಇದೆ, 1977ರಿಂದ ರಾಷ್ಟ್ರೀಯ ರೋಗಿಗಳ ದಾಖಲೆ ಇದೆ. ಆಸ್ಪತ್ರೆ ಸೇರಿದರೆ ಆ ಸಂಖ್ಯೆಯಲ್ಲಿ ದಾಖಲಾಗುತ್ತದೆ, ಓದು, ಕೆಲಸ, ಆದಾಯ ಬೇರೆ ಬೇರೆ ದಾಖಲೆಗಳಲ್ಲಿ ಅದೇ ಸಂಖ್ಯೆಯಲ್ಲಿ ಇರುತ್ತದೆ. ಸಂಶೋಧಕರು ಹೆಸರು ತೆಗೆದು ಜೋಡಿಸಿ ನೋಡುತ್ತಾರೆ. ಇಂಗ್ಲೆಂಡ್‌ನಲ್ಲಿ ಇನ್ನೊಂದು ದಾರಿ, ರೋಗಿಯ ಪಿನ್‌ಕೋಡ್ ನೋಡಿ ಆ ಬಡಾವಣೆ ಎಷ್ಟು ಬಡತನದ್ದು ಎಂಬ ಸೂಚ್ಯಂಕಕ್ಕೆ ಹೊಂದಿಸುತ್ತಾರೆ.

ಇಲ್ಲಿ ಚಿತ್ರ ತಿರುಗಾಮುರುಗಾ. ಓದು ಕಡಿಮೆ, ಆದಾಯ ಕಡಿಮೆ ಇರುವವರೇ ಜಾಸ್ತಿ ಆಸ್ಪತ್ರೆ ಸೇರುತ್ತಾರೆ. ಅಡ್ಮಿಟ್ ಆಗುವುದಕ್ಕೆ ದುಡ್ಡು ಬೇಡ, ಹಾಗಾಗಿ ಯಾರ ಮೈ ಹಾಳಾಗಿದೆಯೋ ಅವರೇ ಹಾಸಿಗೆಯಲ್ಲಿ ಇರುತ್ತಾರೆ. ನಮ್ಮಲ್ಲಿ ಬಡವರು ಕಡಿಮೆ ಸೇರುತ್ತಾರೆ ಅಂದರೆ ಅದು ಆಸ್ಪತ್ರೆಯ ಬಾಗಿಲು ಎಷ್ಟು ಕಿರಿದಾಗಿದೆ ಅಂತ ತೋರಿಸುತ್ತದೆ. ಮಾವನಿಗೆ ಇದನ್ನೂ ಹೇಳಿ.

ನಮ್ಮಲ್ಲೂ ಈಗ ಆಭಾ ಎಂಬ ಆರೋಗ್ಯ ಗುರುತಿನ ಸಂಖ್ಯೆ ಬಂದಿದೆಯಲ್ಲ, 14 ಅಂಕಿಯದ್ದು. ಅದನ್ನೇ ಹೀಗೆ ಬಳಸಬಹುದು ಅಲ್ವಾ?

ರೋಬಸ್ಟಾ ರಾಜ
ಅಟ್ಟ ಹತ್ತಲಾರದವನು ಬೆಟ್ಟ ಹತ್ತಲು ಹೊರಟ ಹಾಗಾಯಿತು. ಇಲ್ಲಿ ಎರಡು ದಿನ ಮಳೆ ಬಂದರೆ ಕರೆಂಟಿಲ್ಲ, ಟವರಿಲ್ಲ, ಒಟಿಪಿ ಬರುವಷ್ಟರಲ್ಲಿ ರೋಗಿ ವಾಸಿಯಾಗಿರುತ್ತಾನೆ, ಇಲ್ಲವೇ...

ಏಲಕ್ಕಿ ಬೆಟ್ಟ
ಆಸ್ಪತ್ರೆ ದಾಖಲೆಗೆ ಜಾತಿ ಜೋಡಿಸುವುದು ನನಗೆ ಒಪ್ಪಿಗೆ ಇಲ್ಲ. ಡೆನ್ಮಾರ್ಕ್‌ನಲ್ಲಿ ಓದು, ಸಂಬಳ ಜೋಡಿಸುತ್ತಾರೆ. ಇಲ್ಲಿ ಜೋಡಿಸಿದರೆ ಮೊದಲು ನೋಡುವುದು ಜಾತಿ.

ರಾತ್ರಿ ಪಾಳಿ
ಏಲಕ್ಕಿ ಅಣ್ಣ ಹೇಳಿದ್ದಕ್ಕೆ ನನ್ನದೂ ಅರ್ಧ ಒಪ್ಪಿಗೆ. ಕ್ಯಾಶುಯಲ್ಟಿಯಲ್ಲಿ ನಿಂತು "ಯಾವ ಜನ?" ಅಂತ ಕೇಳಿದರೆ ಎದುರಿಗಿರುವವರಿಗೆ ಏನು ಅನಿಸಬೇಡ? ನನ್ನ ಆರೈಕೆ ಅದರ ಮೇಲೆ ನಿಂತಿದೆ ಅಂದುಕೊಳ್ಳುತ್ತಾರೆ. ಮನೆ ಜಗಲಿಯಲ್ಲಿ ಕೂತು, ಕಾಯಿಲೆ ಎಲ್ಲ ಮುಗಿದ ಮೇಲೆ, ಆಸ್ಪತ್ರೆಗೆ ಸಂಬಂಧವೇ ಇಲ್ಲದವರು ಕೇಳುವುದು ಬೇರೆ. ಆದರೆ ಕೇಳದೇ ಇದ್ದರೆ ಹಾಡಿ ತಮ್ಮನ ಅಜ್ಜಿಯಂಥವರು ಎಷ್ಟು ಜನ ಅಂತ ಯಾವತ್ತೂ ಗೊತ್ತಾಗಲ್ಲ. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಕಿತ್ತಳೆ ಸಿಪ್ಪೆ
ಮೇಷ್ಟ್ರೇ, ಸಭೆಗೆ ಒಂದೇ ಒಂದು ಅಂಕಿ ಬೇಕು. ಕೊಡಗು ಜಿಲ್ಲೆಯಲ್ಲಿ, ಪರಿಶಿಷ್ಟ ಪಂಗಡದವರು ಎಷ್ಟು ಜನ ಆಸ್ಪತ್ರೆ ಸೇರುತ್ತಾರೆ. ಎನ್‌ಎಸ್‌ಎಸ್‌ನಲ್ಲಿ ಸಿಗುತ್ತದಾ?

ಲೆಕ್ಕದ ಮೇಷ್ಟ್ರು
ಸಿಗುವುದಿಲ್ಲ ತಾಯಿ. ಯಾಕೆಂದು ನೀವೇ ಲೆಕ್ಕ ಹಾಕಿ, ಪೆನ್ನು ಹಿಡಿಯಿರಿ.

1,13,823 ಮನೆಗಳನ್ನು ಸುಮಾರು 700 ಜಿಲ್ಲೆಗೆ ಹಂಚಿದರೆ ಜಿಲ್ಲೆಗೆ 160ರಷ್ಟು ಮನೆ. ಮನೆಗೆ ಐದು ಜನ ಅಂದರೆ 800 ಜನ. ಅದರಲ್ಲಿ ನೂರಕ್ಕೆ 2.9 ಅಂದರೆ 23 ಜನ. 2011ರ ಜನಗಣತಿಯಲ್ಲಿ ಕೊಡಗಿನ ಜನಸಂಖ್ಯೆ 5,54,519, ಅದರಲ್ಲಿ ಪರಿಶಿಷ್ಟ ಪಂಗಡ ನೂರಕ್ಕೆ 10.5. ಆ 23ರಲ್ಲಿ ಇವರ ಪಾಲು ಎರಡು ಅಥವಾ ಮೂರು ಜನ. ಇಬ್ಬರನ್ನು ನೋಡಿ 58 ಸಾವಿರ ಜನರ ಆರೋಗ್ಯ ಹೇಳಲು ಆಗುತ್ತಾ? ನಿಜದಲ್ಲಿ ಆಸ್ಪತ್ರೆ ಸೇರಿದ ಮನೆಗಳನ್ನು ಬೇಕಂತಲೇ ಸಾಕಷ್ಟು ಜಾಸ್ತಿ ಆರಿಸಿ ಆಮೇಲೆ ತೂಕ ಕೊಟ್ಟು ಸರಿಮಾಡುತ್ತಾರೆ, ಆದ್ದರಿಂದ ನನ್ನ ಗುಣಾಕಾರ ಒರಟು, ನಿಜವಾಗಿ ಸಿಗುವವರು ಇದಕ್ಕಿಂತ ಜಾಸ್ತಿ. ಆದರೂ ಜಿಲ್ಲೆಯ ಮಟ್ಟಕ್ಕೆ ಅದು ಸಾಲದು. ರಾಜ್ಯದ ಮಟ್ಟಕ್ಕೆ ಮಾಡಿದ ಸಮೀಕ್ಷೆ ಅದು. 2025ರ ಜನವರಿಯಿಂದ ಜಿಲ್ಲೆಯನ್ನೇ ಮೂಲ ಘಟಕ ಮಾಡಿಕೊಂಡು ಮಾದರಿ ಆರಿಸುತ್ತಿದ್ದಾರೆ, ಆರೋಗ್ಯದ 80ನೇ ಸುತ್ತೂ ಆಗಲೇ ಶುರುವಾದದ್ದು. ಮುಂದೆ ಸ್ವಲ್ಪ ಸುಧಾರಿಸಬಹುದು.

ತಪ್ಪಿ ಹೋಗುವವರು ಇನ್ನೂ ಇದ್ದಾರೆ. ಕೊಡಗಿಗೆ ಎರಡು ಉದಾಹರಣೆ ಸಾಕು.

ಕುಯ್ಲಿಗೆ ಅಸ್ಸಾಂ ಕಡೆಯಿಂದ ಬಂದವರು. ನಿಯಮದ ಪ್ರಕಾರ ಒಟ್ಟಿಗೆ ಒಂದೇ ಒಲೆಯಲ್ಲಿ ಬೇಯಿಸಿ ತಿನ್ನುವವರು ಒಂದು ಮನೆ. ಆದರೆ ಫೆಬ್ರವರಿಯಲ್ಲಿ ಒಂದು ತೋಟ, ಏಪ್ರಿಲ್‌ನಲ್ಲಿ ಊರು, ಮತ್ತೆ ಬೇರೆ ತೋಟ ಅಂತ ತಿರುಗುವವರನ್ನು ಯಾವ ಮನೆಯ ಸದಸ್ಯ ಎಂದು ಬರೆಯುವುದು? ಸಮೀಕ್ಷೆಯವನು ಬಂದ ದಿನ ಶೆಡ್ ಖಾಲಿ ಇದ್ದರೆ ಅವರ ಜ್ವರವೂ ಇಲ್ಲ, ಆಸ್ಪತ್ರೆಯೂ ಇಲ್ಲ.

ಇನ್ನೊಂದು ಕಡೆ ಕುಟುಂಬದ ಹಳೆಯ ಮೂಲ ಮನೆಯಾದ ಐನ್‌ಮನೆಯಲ್ಲಿ ಒಬ್ಬರೇ ಇರುವ ಹಿರಿಯರು. ಮಕ್ಕಳು ಬೆಂಗಳೂರು, ದುಬೈ. 60 ದಾಟಿದವರೇ ಅತಿ ಹೆಚ್ಚು ಆಸ್ಪತ್ರೆ ಸೇರುವವರು. ಅವರು ಆಸ್ಪತ್ರೆಯಲ್ಲೇ ತೀರಿಕೊಂಡರೆ? ತೀರಿಹೋದ ಸದಸ್ಯರ ಬಗ್ಗೆಯೂ ಕೇಳುವ ಪದ್ಧತಿ ಸಮೀಕ್ಷೆಯಲ್ಲಿದೆ, ಆದರೆ ಉತ್ತರ ಹೇಳಲು ಆ ಮನೆಯಲ್ಲಿ ಇನ್ನೊಬ್ಬರು ಬದುಕಿರಬೇಕು. ಬಾಗಿಲಿಗೆ ಬೀಗ ಬಿದ್ದರೆ ಕೊನೆಯ ಹದಿನೈದು ದಿನದ ಐಸಿಯು, ಆ ಲಕ್ಷಗಟ್ಟಲೆ ಬಿಲ್ಲು ಯಾವ ಸರಾಸರಿಗೂ ಸೇರುವುದಿಲ್ಲ. ಸಿರಿವಂತರೂ ತಪ್ಪಿಹೋಗುತ್ತಾರೆ, ಏಲಕ್ಕಿಯವರೇ, ನಿಮ್ಮ ಸಮಾಧಾನಕ್ಕೆ.

ಕುಟ್ಟ ಗೇಟು
ಆ ಸುತ್ತು ಮುಗಿದದ್ದು ಜೂನ್ 2018. ನಮ್ಮಲ್ಲಿ ಗುಡ್ಡ ಕುಸಿದದ್ದು ಆಗಸ್ಟ್ 2018. ರಸ್ತೆಯೇ ಇಲ್ಲದೆ ಜನ ರೋಗಿಗಳನ್ನು ಹೊತ್ತುಕೊಂಡು ಬಂದ ವರ್ಷ ಒಂದೂವರೆ ತಿಂಗಳಿನಲ್ಲಿ ತಪ್ಪಿಹೋಯಿತು ನೋಡಿ.

ಏಲಕ್ಕಿ ಬೆಟ್ಟ
ಆಯುಷ್ಮಾನ್ ಕಾರ್ಡೂ ಆಮೇಲೆ ಬಂದದ್ದು ತಾನೆ? ಆ ಅಂಕಿ ಈಗ ಹಳೆಯದಾಯಿತಲ್ಲ.

ಲೆಕ್ಕದ ಮೇಷ್ಟ್ರು
ಹೌದು. ಕೇಂದ್ರದ ಯೋಜನೆ ಶುರುವಾದದ್ದು ಸೆಪ್ಟೆಂಬರ್ 2018. ನಮ್ಮಲ್ಲಿ ಆರೋಗ್ಯ ಕರ್ನಾಟಕದ ಜೊತೆ ಸೇರಿಸಿ ಮಾಡಿದರು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದ ತನಕ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ನೂರಕ್ಕೆ 30, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. 75ನೇ ಸುತ್ತಿನ ಹೊತ್ತಿಗೆ ಹಳ್ಳಿಯಲ್ಲಿ ಯಾವುದಾದರೂ ಆರೋಗ್ಯ ವಿಮೆ ಇದ್ದವರು ನೂರಕ್ಕೆ 14 ಮಾತ್ರ. ಈಗ ಆ ಅಂಕಿ ಏರಿರುತ್ತದೆ, ಅದರಲ್ಲಿ ಸಂಶಯ ಇಲ್ಲ.

ಆದರೆ ಬೇರೆ ಒಂದು ಹಳೆಯ ಅಂಕಿ ಕೇಳಿ. 1986-87ರಲ್ಲಿ ಒಳರೋಗಿಗಳಲ್ಲಿ ನೂರಕ್ಕೆ ಸುಮಾರು 60 ಜನ ಸರ್ಕಾರಿ ಆಸ್ಪತ್ರೆಯಲ್ಲಿ ಇದ್ದರು, ಹಳ್ಳಿಯಲ್ಲೂ ಪಟ್ಟಣದಲ್ಲೂ. 2014ಕ್ಕೆ ಹಳ್ಳಿಯಲ್ಲಿ 42ರ ಹತ್ತಿರ, ಪಟ್ಟಣದಲ್ಲಿ 32. 2017-18ರಲ್ಲಿ ಸ್ವಲ್ಪ ಏರಿ 45.7 ಮತ್ತು 35.3. ಖಾಸಗಿಗೆ ಏಳು ಪಟ್ಟು ಖರ್ಚಿದ್ದರೂ ಅರ್ಧಕ್ಕಿಂತ ಹೆಚ್ಚು ಜನ ಅಲ್ಲಿಗೇ ಹೋಗುತ್ತಾರೆ. ಪರಿಶಿಷ್ಟ ಪಂಗಡದವರು ಮಾತ್ರ ಈಗಲೂ ಹೆಚ್ಚಾಗಿ ನಂಬಿರುವುದು ಸರ್ಕಾರಿ ಆಸ್ಪತ್ರೆಯನ್ನೇ. ಕಾರ್ಡು ಬಿಲ್ಲು ಕಟ್ಟಬಹುದು. ನಕ್ಕವರನ್ನು ಸುಮ್ಮನಿರಿಸಲು ಕಾರ್ಡಿನಿಂದ ಆಗುತ್ತದಾ?

ಕಿತ್ತಳೆ ಸಿಪ್ಪೆ
ಸರಿ. ದೆಹಲಿಯ ಅಂಕಿ ನಮ್ಮ ಪಂಚಾಯಿತಿಗೆ ಆಗಲ್ಲ ಅಂತಾಯಿತು. ಹಾಗಾದರೆ ನಾವೇ ಕೇಳುವುದು. ನಮ್ಮ ಪಂಚಾಯಿತಿಯಲ್ಲಿ ಲೈನ್ ಮನೆಗಳು ಮುನ್ನೂರರ ಮೇಲೆ ಇವೆ. ಆಶಾ ಅಕ್ಕಂದಿರ ಜೊತೆ ಹೋಗಿ ಎರಡೇ ಪ್ರಶ್ನೆ ಕೇಳುವ ಅಂತಿದ್ದೇನೆ. ವರ್ಷದಲ್ಲಿ ಯಾರಾದರೂ ಆಸ್ಪತ್ರೆ ಸೇರಿದ್ದರಾ? ಸೇರಿ ಅಂದಾಗ ಸೇರದೆ ಬಂದವರು, ಅಥವಾ ಅರ್ಧದಲ್ಲಿ ಎದ್ದು ಬಂದವರು ಇದ್ದಾರಾ, ಯಾಕೆ? ಹೆಸರು ಬರೆಯಲ್ಲ. ಮೇಷ್ಟ್ರೇ, ಇದು ಸರಿಯಾ?

ಲೆಕ್ಕದ ಮೇಷ್ಟ್ರು
ಎರಡನೇ ಪ್ರಶ್ನೆ ನಾನು ಸುತ್ತಿದ ಕಾಲದಲ್ಲಿ ನಮ್ಮ ಹಾಳೆಯಲ್ಲಿ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು ಅಂತ ಈಗ ಅನಿಸುತ್ತಿದೆ. ಒಂದು ಮಾತು, ಸಂಜೆ ಆರರ ಮೇಲೆ ಹೋಗಿ. ಹಗಲು ಹೋದರೆ ಮಕ್ಕಳು ಮಾತ್ರ ಸಿಗುತ್ತಾರೆ. ಮತ್ತೆ ಸಾಹುಕಾರರನ್ನೋ ರೈಟರನ್ನೋ ಜೊತೆಗೆ ಕರೆದುಕೊಂಡು ಹೋಗಬೇಡಿ. ಅವರೆದುರು ಎಲ್ಲರೂ "ಚೆನ್ನಾಗಿದ್ದೇವೆ" ಅನ್ನುತ್ತಾರೆ. ನನಗೆ ಹಾಗೆ ಆಗಿದೆ, ಒಂದು ಇಡೀ ಲೈನು ಒಂದು ವರ್ಷ ಕೆಮ್ಮೇ ಇಲ್ಲ ಅಂತ ಬರೆಸಿತ್ತು. ನಾನೂ ಬರೆದುಕೊಂಡು ಬಂದೆ.

ಹಾಡಿ ಮಾತು
ಅಕ್ಕ, ಹಾಡಿಗೂ ಬರುವುದಾದರೆ ನಾನು ಬರುತ್ತೇನೆ. ಭಾಷೆಗೆ.

ರಾತ್ರಿ ಪಾಳಿ
ಕಿತ್ತಳೆ ಅಕ್ಕ, ಎರಡನೇ ಪ್ರಶ್ನೆಗೆ ನಮ್ಮ ಕಡೆಯೂ ಒಂದು ಪುಸ್ತಕ ಇರುತ್ತದೆ. ಡಾಕ್ಟರು ಬೇಡ ಅಂದರೂ ಬಿಡುಗಡೆ ಕೇಳಿ ಹೋಗುವವರಿಂದ ಸಹಿ ತೆಗೆದುಕೊಳ್ಳುತ್ತೇವೆ, ಹೆಬ್ಬೆಟ್ಟೇ ಜಾಸ್ತಿ. ಎಲ್‌ಎಎಂಎ ಅಂತ ಕರೆಯುತ್ತೇವೆ. ಹೇಳದೆ ಹೋದರೆ "ಅಬ್‌ಸ್ಕಾಂಡ್" ಅಂತ ಬರೆಯುವುದು, ಪೊಲೀಸ್ ಭಾಷೆ. ಹಾಡಿ ತಮ್ಮನ ಅಜ್ಜಿಯನ್ನೂ ಯಾರೋ ಹಾಗೇ ಬರೆದಿರುತ್ತಾರೆ. ನಾನು ಇಷ್ಟು ವರ್ಷದಲ್ಲಿ ಎಷ್ಟು ಸಲ ಬರೆದಿದ್ದೇನೋ ಲೆಕ್ಕ ಇಟ್ಟಿಲ್ಲ.

ರೋಗಿಗಳ ಪುಸ್ತಕ, ತೋರಿಸಲು ಆಗಲ್ಲ, ಕೇಳಬೇಡಿ. ಆದರೆ ಸಮಿತಿಯಿಂದ ಬರೆದು ಕೊಟ್ಟರೆ ಬರೀ ಎಣಿಕೆ ಕೊಡಬಹುದಾ ಅಂತ ಮೇಲಿನವರನ್ನು ಕೇಳಿ ನೋಡುತ್ತೇನೆ, ಯಾವ ತಿಂಗಳು ಎಷ್ಟು ಜನ ಅಂತ. ಇವತ್ತು ಪಾಳಿ ಶುರುವಾಗುವ ಮೊದಲು ಸುಮ್ನೆ ತಿರುವಿ ನೋಡಿದೆ. ಕಾರಣ ಅಂತ ಒಂದು ಕಾಲಂ ಇದೆ. ಮೇಲಿಂದ ಕೆಳಗಿನ ತನಕ ಒಂದೇ ಪದ, "ಸ್ವಇಚ್ಛೆ". ಕೆಲವು ಕಡೆ ಅದನ್ನೂ ಬರೆಯದೆ ಎರಡು ಚುಕ್ಕೆ ಇಟ್ಟಿದ್ದೇವೆ. ಅಕ್ಷರ ನೋಡಿದರೆ ಅರ್ಧ ನನ್ನದೇ.